ಸೋಮವಾರದ ಸಂತೋಷ

ಸಂಜೆ ಏಳರ ಹೊತ್ತಿಗೆ ದಕ್ಷಿಣ ಕನ್ನಡದ ಯಾವುದಾದರೂ ಹಳ್ಳಿಯಲ್ಲಿ ನೀವು ಪೊರ್ಬುಗಳ, ಅಂದರೆ ನಮ್ಮಂಥ ಕೊಂಕಣಿ ಕ್ರೈಸ್ತರ ಮನೆಯೊಂದರ ಅಂಗಳ ದಾಟಿದ್ದರೆ, ಒಳಗಿನಿಂದ ಬರುವ ರಾಗವಲ್ಲದ ರಾಗವೊಂದು ಕಿವಿಗೆ ಬಿದ್ದೇ ಇರುತ್ತದೆ. ಒಬ್ಬರು ಅರ್ಧ ಹೇಳುತ್ತಾರೆ, ಉಳಿದವರೆಲ್ಲ ಮಿಕ್ಕ ಅರ್ಧ ಹೇಳುತ್ತಾರೆ. ಕೊಂಕಣಿಯಲ್ಲಿ ನಾವದನ್ನು ತೇರ್ಸ್ ಅನ್ನುತ್ತೇವೆ. ಕನ್ನಡದಲ್ಲಿ ಪೂಜೆ ಕೇಳುವವರಿಗೆ ಅದು ಜಪಸರ. ಐದು ಸುತ್ತು, ಸುತ್ತಿಗೆ ಹತ್ತರಂತೆ ‘ನಮೋ ಮರಿಯಾ’, ಅದರ ಮೇಲೆ ಮಾತೆಯ ಸ್ತುತಿಮಾಲೆ, ಅದೂ ಮುಗಿದ ಮೇಲೆ ನಮ್ಮ ಅಜ್ಜಿ ತಾನಾಗಿ ಸೇರಿಸಿದ ಪರಿಶಿಷ್ಟ: ತೀರಿಹೋದವರಿಗೆ, ಊರಿನ ಬಸುರಿಯರಿಗೆ, ಬೊಂಬಾಯಿಯಲ್ಲಿ ಕೆಲಸ ಹುಡುಕುತ್ತಿರುವ ಮಾವನಿಗೆ, ಕಾಲು ಮುರಿದುಕೊಂಡ ಪಕ್ಕದ ಮನೆಯ ಪೂಜಾರಿಯವರಿಗೆ ಒಂದೊಂದು. ಇಷ್ಟರ ಮಧ್ಯೆ ಮಣಿಯ ಮೇಲಿನ ಬೆರಳು ಸರಿಸದೆ ‘ಕೋಳಿಗೂಡಿನ ಬಾಗಿಲು ಹಾಕಿದಿರಾ?’ ಎಂದು ಕೇಳುವಳು. ‘ಹಾಕಿದೆ’ ಎಂಬ ಉತ್ತರ ಬಂದೊಡನೆ ಬಿಟ್ಟ ಪದದಿಂದಲೇ ಮುಂದುವರಿಸುವಳು. ಏಕಾಗ್ರತೆಯ ಮಹಿಮೆ ಬಲ್ಲವರು ಇದನ್ನು ಭಕ್ತಿಭಂಗ ಎಂದಾರು. ದೇವರು ಗರ್ಭಗುಡಿಯಲ್ಲಿ ನಿಂತುಬಿಡದೆ ಕೋಳಿಗೂಡಿನ ತನಕವೂ ಬರುತ್ತಾನೆಂದು ನನಗೆ ಗೊತ್ತಾದದ್ದು ಅಲ್ಲಿ.

ಈ ಜಪಸರದ ಹುಟ್ಟೇ ಅಂಥದ್ದು. ಹಿಂದೆ ಯುರೋಪಿನ ಮಠಗಳಲ್ಲಿ ಸನ್ಯಾಸಿಗಳು ಬೈಬಲಿನ 150 ಕೀರ್ತನೆಗಳನ್ನು ಪಾರಾಯಣ ಮಾಡುತ್ತಿದ್ದರು. ಓದುಬರಹ ಬಾರದ ಒಕ್ಕಲುಮಕ್ಕಳು ಅವುಗಳ ಬದಲಿಗೆ ಬಾಯಿಪಾಠದ ಚಿಕ್ಕ ಪ್ರಾರ್ಥನೆಯನ್ನೇ ಮಣಿ ಎಣಿಸಿ ಅಷ್ಟು ಸಲ ಹೇಳಿಕೊಂಡರು. 1569ರಲ್ಲಿ ಪೋಪ್ ಐದನೆಯ ಪಿಯುಸ್ ಅದಕ್ಕೊಂದು ಕ್ರಮ ಕೊಟ್ಟರು. ಯೇಸುವಿನ ಮತ್ತು ಅವನ ತಾಯಿಯ ಬದುಕಿನಿಂದ ಆಯ್ದ ಹದಿನೈದು ಘಟನೆಗಳು. ಅವಕ್ಕೆ ರಹಸ್ಯಗಳೆಂದು ಹೆಸರು. ಐದು ಸಂತೋಷದವು, ಐದು ದುಃಖದವು, ಐದು ಮಹಿಮೆಯವು. 2002ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಬೆಳಕಿನ ಐದು ರಹಸ್ಯಗಳನ್ನು ಸೇರಿಸಿದರು. ಇವಕ್ಕೆಲ್ಲ ವಾರದ ಲೆಕ್ಕವಿದೆ: ಸೋಮವಾರ ಶನಿವಾರ ಸಂತೋಷ, ಮಂಗಳವಾರ ಶುಕ್ರವಾರ ದುಃಖ, ಗುರುವಾರ ಬೆಳಕು, ಬುಧವಾರ ಭಾನುವಾರ ಮಹಿಮೆ. ಮನೆಯಲ್ಲಿ ಮದುವೆಯಿರಲಿ ಮರಣವಿರಲಿ, ವಾರ ತನ್ನ ಪಾಡಿಗೆ ತಿರುಗುತ್ತದೆ.

ಸಂತೋಷದ ರಹಸ್ಯಗಳೆಂದರೆ ಬರಿಯ ಸಂತೋಷ ಅಂದುಕೊಳ್ಳಬೇಡಿ. ಎರಡನೆಯದರಲ್ಲಿ, ತಾನೇ ಬಸುರಿಯಾಗಿರುವ ಹುಡುಗಿ ಮರಿಯ ಬೆಟ್ಟದ ಊರಿನಲ್ಲಿರುವ ವಯಸ್ಸಾದ ಬಸುರಿ ಎಲಿಜಬೇತಳನ್ನು ಕಾಣಲು ಹೋಗಿ ಸುಮಾರು ಮೂರು ತಿಂಗಳು ಅವಳ ಜೊತೆ ಉಳಿಯುತ್ತಾಳೆ. ನನ್ನ ತಮ್ಮ ಹುಟ್ಟಿದಾಗ ಅಮ್ಮನ ಬಾಣಂತನಕ್ಕೆ ಹಂಡೆಯಲ್ಲಿ ನೀರು ಕಾಯಿಸಿ, ಎಣ್ಣೆ ತಿಕ್ಕಿ, ಕೂಸಿನ ಬಟ್ಟೆ ಹಿಂಡಿದವರು ಪಕ್ಕದ ಪೂಜಾರಿಯವರ ಮನೆಯ ಅಕ್ಕ; ‘ಬಾಯಮ್ಮಾ, ನೀವು ಏಳಬೇಡಿ’ ಎಂದು ಅಮ್ಮನನ್ನು ಗದರಿಸಿ ಮಲಗಿಸುತ್ತಿದ್ದರು. ಆ ರಹಸ್ಯ ಬಂದಾಗಲೆಲ್ಲ ನನ್ನ ಕಣ್ಣಿಗೆ ಕಾಣುವುದು ಸೀರೆಯ ನೆರಿಗೆ ಮೇಲಕ್ಕೆ ಸಿಕ್ಕಿಸಿಕೊಂಡು, ಹೊಗೆಗೆ ಕಣ್ಣು ಕಿರಿದು ಮಾಡಿ, ಒಲೆಗೆ ತೆಂಗಿನ ಮಡಲು ತುರುಕುತ್ತಿರುವ ಆ ಅಕ್ಕನೇ. ನಾಲ್ಕನೆಯದರಲ್ಲಿ, ಕೂಸನ್ನು ದೇವಾಲಯಕ್ಕೆ ಎತ್ತಿಕೊಂಡು ಹೋದ ತಾಯಿಗೆ ಮುದುಕ ಸಿಮೆಯೋನ, ನಿನ್ನ ಜೀವವನ್ನು ಕತ್ತಿ ತೂರಿಹೋಗಲಿದೆ ಎಂಬರ್ಥದ ಮಾತು ಹೇಳಿಬಿಡುತ್ತಾನೆ. ಐದನೆಯದರಲ್ಲಿ ಹನ್ನೆರಡು ವರ್ಷದ ಹುಡುಗ ಜೆರುಸಲೇಮಿನ ಹಬ್ಬದಲ್ಲಿ ತಪ್ಪಿಸಿಕೊಂಡು ಮೂರು ದಿನದ ಮೇಲೆ ಸಿಗುತ್ತಾನೆ. ಅತ್ತೂರಿನ ಸಂತ ಲಾರೆನ್ಸರ ಸಾಂತ್‌ಮಾರಿಗೆ ಜನವರಿಯಲ್ಲಿ ಹೋದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಜಾತಿಮತದ ಭೇದವಿಲ್ಲದೆ ಜನ ಮೇಣದಬತ್ತಿ ಹಿಡಿದು ನುಗ್ಗುವ ಆ ಜಾತ್ರೆಯಲ್ಲಿ ನನ್ನ ತಮ್ಮ ಕೈಬಿಟ್ಟುಹೋದ. ಅಮ್ಮ ಸಂತರನ್ನು ಜೋರಾಗಿ ಹೆಸರು ಹಿಡಿದು ಕರೆಯುತ್ತ ಅಂಗಡಿ ಅಂಗಡಿ ಅಲೆದಳು. ಅವನು ಸಿಕ್ಕಿದ್ದು ಮಿಠಾಯಿ ಅಂಗಡಿಯ ಮುಂದೆ. ಅಮ್ಮ ಮೊದಲು ಬೆನ್ನಿಗೊಂದು ಬಿಟ್ಟಳು, ಆಮೇಲೆ ಅಪ್ಪಿಕೊಂಡು ಅತ್ತಳು, ಆಮೇಲೆ ಮಿಠಾಯಿ ಕೊಡಿಸಿದಳು. ದೇವಮಾತೆಗೂ ಆ ಮೂರು ದಿನ ಹೀಗೇ ಎದೆ ಹೊಡೆದುಕೊಂಡಿರಬೇಕು.

ಅಪ್ಪ ತೀರಿಕೊಂಡದ್ದು ಮಳೆಗಾಲದಲ್ಲಿ. ಇಗರ್ಜಿಯ ಸಾವಿನ ಗಂಟೆ ಬಿಟ್ಟುಬಿಟ್ಟು ಬಡಿಯಿತು. ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ನೆರೆಯವರು ಗಂಜಿ, ಉಪ್ಪಿನಕಾಯಿ, ಫ್ಲಾಸ್ಕಿನಲ್ಲಿ ಕಾಫಿ ತಂದಿಟ್ಟರು. ಭಾನುವಾರ ಸಂಜೆ ಗುಂಡಿಗೆ ಒಂದೊಂದು ಹಿಡಿ ಮಣ್ಣು ಹಾಕಿ ಬಂದೆವು. ಕೆಮ್ಮಣ್ಣು ಒದ್ದೆಯಾಗಿತ್ತು, ಉಗುರಿನ ಸಂದಿಯಿಂದ ಬೇಗ ಹೋಗಲಿಲ್ಲ. ಮರುದಿನ ಸಂಜೆ ಮನೆ ತುಂಬ ಜನ ತೇರ್ಸಿಗೆ ಕೂತಾಗ ದೊಡ್ಡಮಾವ ಅಮ್ಮನ ಹತ್ತಿರ ಬಗ್ಗಿ ಮೆತ್ತಗೆ, ‘ತಂಗೀ, ಇವತ್ತೊಂದು ದಿನ ದುಃಖದ್ದೇ ಹೇಳುವ’ ಅಂದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ‘ಇವತ್ತು ಸೋಮವಾರ ಅಲ್ವಾ ಅಣ್ಣಾ’ ಎಂದವಳೇ ಸಂತೋಷದ ಮೊದಲನೆಯ ರಹಸ್ಯವನ್ನು ಶುರುಮಾಡಿದಳು. ದೇವದೂತ ಬಂದದ್ದು, ಎಲಿಜಬೇತಳ ಮನೆ, ಬೆತ್ಲೆಹೇಮಿನ ಹಟ್ಟಿ. ನನ್ನ ಗಂಟಲು ಕಟ್ಟಿತ್ತು, ಉತ್ತರಾರ್ಧ ಹೇಳಲು ಸ್ವರ ಬರಲಿಲ್ಲ. ಆದರೆ ಸುತ್ತ ಕೂತವರು ಹೇಳುತ್ತಿದ್ದರು. ಐದನೆಯದಕ್ಕೆ ಬಂದು, ಕಳೆದುಹೋದವನು ಸಿಕ್ಕಿದ ಮಾತು ಅಮ್ಮನ ಬಾಯಿಂದ ಸ್ಪಷ್ಟವಾಗಿ ಹೊರಟಾಗ ಅವಳೇನು ಹೇಳುತ್ತಿದ್ದಾಳೆಂದು ನನಗೆ ತಿಳಿಯಿತು. ಪುನರುತ್ಥಾನದ ಬಗ್ಗೆ ಗುರುಗಳಿಂದ ಎಷ್ಟೋ ಪ್ರಬೋಧನೆ ಕೇಳಿದ್ದೇನೆ. ಅದನ್ನು ನಂಬಿದ್ದು ಆ ಸೋಮವಾರ.

ಇದರ ತಿರುವುಮುರುವೂ ಉಂಟು. ತಂಗಿಯ ಮದುವೆ ಬುಧವಾರವಾದ್ದರಿಂದ ರೋಸ್ ಮಂಗಳವಾರ ಬಿತ್ತು. ರೋಸ್ ಅಂದರೆ ಮದುವೆಯ ಮುನ್ನಾದಿನ ಮದುಮಗಳನ್ನು ಕೂರಿಸಿ, ತೆಂಗಿನಹಾಲು ಹಚ್ಚಿ, ವೋವಿಯೊ ಹಾಡಿ, ಕನ್ನೆತನಕ್ಕೆ ವಿದಾಯ ಹೇಳಿಸುವ ಸಂಭ್ರಮ. ಚಪ್ಪರದಲ್ಲಿ ಪೆಟ್ರೋಮ್ಯಾಕ್ಸು, ಹಿತ್ತಲಲ್ಲಿ ಹಂದಿಮಾಂಸದ ಪರಿಮಳ, ಅಡುಗೆಮನೆಯಲ್ಲಿ ಚಿಕ್ಕಮ್ಮಂದಿರ ಗದ್ದಲ. ಇದೆಲ್ಲದರ ನಡುವೆ ಅಜ್ಜಿ ಎಲ್ಲರನ್ನೂ ಕೂರಿಸಿ ದುಃಖದ ರಹಸ್ಯಗಳನ್ನು ಹೇಳಿಸಿದಳು: ಗೆತ್ಸೆಮನೆ ತೋಟದ ಬೆವರು, ಮುಳ್ಳಿನ ಕಿರೀಟ, ಶಿಲುಬೆ. ಅಪ್ಪನಿಲ್ಲದ ಆ ಚಪ್ಪರದಲ್ಲಿ, ನಗುತ್ತಲೇ ಯಾರೂ ಬಾಯಿಬಿಡದೆ ಒಳಗಿಟ್ಟುಕೊಂಡಿದ್ದ ನೋವಿಗೆ ಕೂರಲು ಒಂದು ಜಾಗ ಸಿಕ್ಕಿತು. ಜಪಸರ ಮುಗಿದದ್ದೇ ಅಮ್ಮ ಎದ್ದು ಎರಡು ಕೈತುಂಬ ತೆಂಗಿನಹಾಲು ತೆಗೆದುಕೊಂಡು ಮಗಳ ತಲೆಯ ಮೇಲೆ ಸುರಿದಳು, ಮೊದಲು ತನ್ನ ಪರವಾಗಿ, ಆಮೇಲೆ ಅಪ್ಪನ ಪರವಾಗಿ.

ಬೆಳಕಿನ ರಹಸ್ಯಗಳಲ್ಲಿ ಎರಡನೆಯದು ಕಾನಾ ಊರಿನ ಮದುವೆ. ದ್ರಾಕ್ಷಾರಸ ಮುಗಿದುಹೋದದ್ದನ್ನು ಮೊದಲು ಗಮನಿಸಿ ಮಗನಿಗೆ ಹೇಳುವವಳು ಆ ತಾಯಿ. ಮದುವೆಮನೆಯ ಉಗ್ರಾಣ ನೋಡಿಕೊಂಡ ಹೆಂಗಸರಿಗೆಲ್ಲ ಅವಳು ತಮ್ಮವಳೆಂದು ಒಡನೆ ತಿಳಿಯುತ್ತದೆ. ದೈವಶಾಸ್ತ್ರದ ಉದ್ಗ್ರಂಥಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೂ ಏನು ಮುಗಿಯಿತು, ಯಾರು ಉಣ್ಣಲಿಲ್ಲ, ಯಾರ ಮುಖ ಬಾಡಿದೆ ಎಂದು ನೋಡುವ ಕಣ್ಣಿನಲ್ಲಿಯೇ ನಮ್ಮ ಧರ್ಮದ ಅರ್ಧ ಇದೆ ಎಂಬುದು ನನ್ನ ದೃಢವಾದ ನಂಬಿಕೆ.

ಈಗ ಅಮ್ಮ ಊರಿನಲ್ಲಿ ಒಬ್ಬಳೇ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಇಗರ್ಜಿಯಲ್ಲಿ ಆಶೀರ್ವದಿಸಿ ಕೊಟ್ಟ ಭತ್ತದ ತೆನೆಯಿಂದ ಕಾಳು ಬಿಡಿಸಿ, ಲಕೋಟೆಯಲ್ಲಿಟ್ಟು ಬೆಂಗಳೂರಿಗೆ ನನಗೂ ದುಬೈಗೆ ತಮ್ಮನಿಗೂ ಕಳಿಸುತ್ತಾಳೆ. ನಾವು ಅದನ್ನು ಪಾಯಸಕ್ಕೆ ಹಾಕಿ ಉಣ್ಣುತ್ತೇವೆ. ಸಂಜೆ ಫೋನಿನಲ್ಲಿ ಪೂರ್ವಾರ್ಧ ಅವಳು ಹೇಳುತ್ತಾಳೆ, ಉತ್ತರಾರ್ಧ ನಾನು ಹೇಳುತ್ತೇನೆ. ಒಬ್ಬರೇ ಇದ್ದಾಗ ಪೂರ್ತಿ ಒಬ್ಬರೇ ಹೇಳಿಕೊಳ್ಳಬಹುದು, ತಡೆಯೇನಿಲ್ಲ. ಆದರೆ ಸ್ವರ ಬಾರದ ದಿನ ನನ್ನ ಪಾಲಿನ ಅರ್ಧವನ್ನು ಊರವರು ಹೇಳಿ ಮುಗಿಸಿದ್ದರು, ಆ ಋಣ ಹಾಗೇ ಇದೆ. ಯಾರ ಮನೆಯಲ್ಲಿ ಯಾರ ಗಂಟಲು ಕಟ್ಟಿದ್ದರೂ ಹೋಗಿ ಕೂತು ಮಿಕ್ಕ ಅರ್ಧ ಹೇಳಿಬರುವುದು ಆ ಋಣದ ಕಂತು. ಬದುಕಿರುವ ತನಕ ಅದನ್ನು ಸಂತೋಷದಿಂದ ಕಟ್ಟುತ್ತೇನೆ.