ಬೆಟ್ಟದ ಮೇಲಿನ ಆಷಾಢ

ಹಿರಿಯೂರಿನ ಮಗ್ಗುಲಲ್ಲಿರುವ ನಮ್ಮ ಬಬ್ಬೂರನ್ನು ಲೋಕವು ಎರಡು ಕಾರಣಗಳಿಂದ ಬಲ್ಲದು: ಒಂದು, ಊರಿನ ಹೆಸರನ್ನು ತನ್ನ ಹೆಸರಿನಲ್ಲಿ ಹೊತ್ತು ಎಲ್ಲೆಲ್ಲಿಯೋ ಚದುರಿಹೋದ ಬಬ್ಬೂರುಕಮ್ಮೆ ಪಂಗಡ, ಇನ್ನೊಂದು, ಬಬ್ಬೂರು ಫಾರಂ ಎಂದೇ ಪ್ರಸಿದ್ಧವಾದ ಕೃಷಿ ಸಂಶೋಧನಾ ಕೇಂದ್ರ. ಮೂರನೆಯ ಕಾರಣವೊಂದುಂಟು, ಅದನ್ನು ಊರಿನವರು ಬಾಯಿಬಿಟ್ಟು ಹೇಳುವುದಿಲ್ಲ, ಬಂದ ನೆಂಟರು ಹೇಳದೆ ಬಿಡುವುದಿಲ್ಲ. ಅದು ಬಿಸಿಲು.

ಈ ಬಿಸಿಲನ್ನು ನಾನು ಚಿಕ್ಕಂದಿನಿಂದಲೂ ಬೆವರಿನ ಮೂಲಕ ಮಾತ್ರವಲ್ಲದೆ ಅಂಕಿಗಳ ಮೂಲಕವೂ ಅರಿತವನು. ಫಾರಮಿನಲ್ಲಿ ಗುಮಾಸ್ತರಾಗಿದ್ದ ನಮ್ಮ ತಂದೆಯವರು, ಹವಾಮಾನ ನೋಡುವವನು ರಜದ ಮೇಲೆ ಹೋದಾಗಲೆಲ್ಲ, ತಂತಿಬೇಲಿಯೊಳಗೆ ನಾಲ್ಕು ಕಾಲುಗಳ ಮೇಲೆ ನಿಂತಿದ್ದ ಸುಣ್ಣಬಿಳುಪಿನ ಮರದ ಪೆಟ್ಟಿಗೆಯ ಬಾಗಿಲು ತೆರೆದು, ಬೆಳಗ್ಗೆ ಏಳಕ್ಕೊಮ್ಮೆ ಮಧ್ಯಾಹ್ನ ಎರಡಕ್ಕೊಮ್ಮೆ ಉಷ್ಣಮಾಪಕಗಳನ್ನು ಓದಿ ದಫ್ತರಿಗೆ ಏರಿಸುವರು. ಗಾಳಿ ಆಡುವಂತೆಯೂ ಬಿಸಿಲು ನುಗ್ಗದಂತೆಯೂ ಓರೆಪಟ್ಟಿಗಳನ್ನು ಜೋಡಿಸಿದ ಆ ಪೆಟ್ಟಿಗೆಯನ್ನು 19ನೆಯ ಶತಮಾನದಲ್ಲಿ ರೂಪಿಸಿದವನು ಥಾಮಸ್ ಸ್ಟೀವನ್‌ಸನ್ ಎಂಬ ಸ್ಕಾಟ್‌ಲೆಂಡಿನ ದೀಪಸ್ತಂಭಗಳ ಎಂಜಿನಿಯರು, 'ಟ್ರೆಷರ್ ಐಲೆಂಡ್' ಬರೆದ ಕಾದಂಬರಿಕಾರನ ತಂದೆ. ಮಗನ ಕೀರ್ತಿ ಪುಸ್ತಕದ ಅಂಗಡಿಗಳಲ್ಲಿ ಉಳಿದರೆ, ತಂದೆಯದು ಬಬ್ಬೂರಿನಂಥ ಊರುಗಳ ಹೊಲದ ನಡುವೆ ಉಳಿದಿದೆ. ಪೆಟ್ಟಿಗೆಯೊಳಗೆ ನೆಟ್ಟಗೆ ನಿಂತ ಎರಡು ಮಾಪಕಗಳಲ್ಲಿ ಒಂದರ ಗುಂಡಿಗೆ ಒದ್ದೆಯ ಮಲ್‌ಮಲ್ ಬಟ್ಟೆ ಸುತ್ತಿರುತ್ತಿದ್ದಿತು. ಒಂದೇ ಗಾಳಿಯಲ್ಲಿ ನಿಂತಿದ್ದರೂ ಬಟ್ಟೆ ಸುತ್ತಿಕೊಂಡದ್ದು ಒಣಗಿದ್ದಕ್ಕಿಂತ ಐದಾರು ಡಿಗ್ರಿ ತಗ್ಗಿ ತೋರುತ್ತಿದ್ದುದು ಆಗ ನನಗೆ ಬಲು ವಿಚಿತ್ರವೆನಿಸುತ್ತಿತ್ತು.

ನಮ್ಮ ಸೋದರಮಾವನವರು ಉದಕಮಂಡಲಕ್ಕೆ ಹೋಗಿಬಂದ ವರ್ಷ ಈ ಅಂಕಿಗಳಿಗೆ ಭಾರೀ ಪೈಪೋಟಿ ಒದಗಿತು. 'ಭಾವ, ಮೇ ತಿಂಗಳಲ್ಲಿ ಸ್ವೆಟರು ಹಾಕಿದೆ!' ಎಂದು ಅವರು ನಡುಮನೆಯಲ್ಲಿ ಸಾರಿದಾಗ, ತಂದೆಯವರು ಬೀಸಣಿಗೆಯನ್ನು ಕೆಳಗಿಡದೆ, 'ಬೇಳೆ ಬೆಂದಿತೇನಯ್ಯ?' ಎಂದು ಕೇಳಿದರು. ಪ್ರಶ್ನೆ ಕುಚೋದ್ಯದ್ದಾದರೂ ಅದರ ಹಿಂದೆ ಶಾಸ್ತ್ರವಿತ್ತು. ಏಳು ಸಾವಿರ ಅಡಿಗಳನ್ನು ಮೀರಿದ ಆ ಊರಿನಲ್ಲಿ ವಾಯುವಿನ ಒತ್ತಡ ಇಳಿದಿರುವ ಕಾರಣ ನೀರು 92-93 ಡಿಗ್ರಿಗೇ ಕುದಿದುಬಿಡುತ್ತದೆ. ಕುದಿಯುವ ನೀರು ಸಾಲದಷ್ಟು ಬಿಸಿಯಾಗಿರುವುದರಿಂದ ತೊಗರಿಬೇಳೆ ಕಲ್ಲಿನಂತೆ ಕೂತಿರುತ್ತದೆ. ಹಿಂದಿನ ಸರ್ವೆಯವರು ಇದನ್ನೇ ತಿರುಗಿಸಿ, ನೀರು ಎಷ್ಟು ಡಿಗ್ರಿಗೆ ಕುದಿಯಿತೆಂಬುದನ್ನು ನೋಡಿ ಬೆಟ್ಟದ ಎತ್ತರವನ್ನು ಗುಣಿಸುತ್ತಿದ್ದರು.

ಆ ಬೆಟ್ಟದ ತಂಪಿಗೆ ಮೊದಲು ಮರುಳಾದವರು ಸ್ವೆಟರಿನ ನಮ್ಮ ಮಾವನವರಲ್ಲ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ನೀಲಗಿರಿಯನ್ನೇರಿ, ತೋಡರೂ, ಕನ್ನಡದ ಸೋದರಿಯಂಥ ನುಡಿಯನ್ನಾಡುವ ಬಡಗರೂ ಅಲ್ಲಿ ತಲೆತಲಾಂತರದಿಂದ ಬದುಕಿದ್ದುದನ್ನು ಕಂಡೂ, ತಾನೇ ಕಂಡುಹಿಡಿದವನ ಉತ್ಸಾಹದಿಂದ ಅದರ ಹವೆಯನ್ನು ಮದರಾಸಿಗೆ ಬಣ್ಣಿಸಿದನು. ಕೆಲವು ದಶಕಗಳಲ್ಲಿ ಮದರಾಸು ಸರ್ಕಾರವೇ ಕಡತಗಳ ಸಮೇತ ಬೇಸಗೆಗೆ ಬೆಟ್ಟ ಹತ್ತತೊಡಗಿತು. 1847ರ ಹೊತ್ತಿಗೆ 8,640 ಅಡಿಗಳ ದೊಡ್ಡಬೆಟ್ಟದ ಮೇಲೆ ಹವಾಮಾನದ ಬಂಗಲೆಯೊಂದು ನಿಂತು, ಮದರಾಸು ವೀಕ್ಷಣಾಲಯದ ಮೇಲ್ವಿಚಾರಣೆಯಲ್ಲಿ ಅಲ್ಲಿಯ ಶೈತ್ಯೋಷ್ಣಗಳ ದಾಖಲೆ ನಡೆಯಿತು.

ಮಾವನವರ ಮಾತಿನಿಂದ ಕೆರಳಿ ನಾನು ಎರಡು ಊರುಗಳ ವರ್ಷಾವಧಿಯ ಕೋಷ್ಟಕಗಳನ್ನು ಮಗ್ಗುಲು ಮಗ್ಗುಲಾಗಿಟ್ಟು ನೋಡಿದೆನು. ಏಪ್ರಿಲಿನಲ್ಲಿ ಚಿತ್ರದುರ್ಗದ ಸೀಮೆಯಲ್ಲಿ ಹಗಲಿನ ಸರಾಸರಿ ಉಷ್ಣ 36ರ ಆಸುಪಾಸು. ಊಟಿಯಲ್ಲಿ 23ರ ಆಸುಪಾಸು. ಸಾವಿರ ಮೀಟರು ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯಬೇಕೆಂಬ ನಿಯಮವು ಕೊಡುವ ಅಂತರಕ್ಕಿಂತ ಇದು ತುಸು ಹೆಚ್ಚೇ. ಆದರೆ ನನ್ನನ್ನು ಸೆಳೆದದ್ದು ಅಂತರವಲ್ಲ, ಸಾಮ್ಯ. ಎರಡೂ ಕಡೆ ಹಗಲು ಅತ್ಯಂತ ಬಿಸಿಯಾಗುವುದು ಏಪ್ರಿಲ್ ಮೇ ತಿಂಗಳಲ್ಲಿ, ಹಗಲು ಅತ್ಯಂತ ತಣ್ಣಗಾಗುವುದು ಪುಷ್ಯ ಮಾಘಗಳಲ್ಲಲ್ಲ, ಜುಲೈ ಆಗಸ್ಟಿನಲ್ಲಿ! ಸೂರ್ಯನು ನಮ್ಮ ನೆತ್ತಿಯ ಮೇಲೆ ವರ್ಷಕ್ಕೆ ಎರಡು ಬಾರಿ ಬರುತ್ತಾನೆ: ಏಪ್ರಿಲಿನ ಕಡೆಯಲ್ಲೊಮ್ಮೆ, ಆಗಸ್ಟಿನ ನಡುವಿನಲ್ಲೊಮ್ಮೆ. ಮೊದಲನೆಯ ಸಲ ಬರಿದಾದ ಆಕಾಶದಲ್ಲಿ ಬಂದು ಸುಡುತ್ತಾನೆ. ಎರಡನೆಯ ಸಲ ಮುಂಗಾರಿನ ಮೋಡಗಳು ಅವನನ್ನು ಮರೆಮಾಡಿರುತ್ತವೆ. ರಾತ್ರಿಯ ಚಳಿಯ ವಿಚಾರ ಬೇರೆ. ಡಿಸೆಂಬರ್ ಜನವರಿಯ ನಿರ್ಮಲ ರಾತ್ರಿಗಳಲ್ಲಿ ನೆಲ ಬೇಗ ಆರಿ, ಭಾರವಾದ ತಣ್ಣನೆಯ ಗಾಳಿ ತಗ್ಗಿಗೆ ಹರಿದು ನಿಲ್ಲುವುದರಿಂದ, ಊಟಿಯಲ್ಲಿ ಇಬ್ಬನಿ ಹೆಪ್ಪುಗಟ್ಟುವುದು ತಗ್ಗಿನ ಹುಲ್ಲುಗಾವಲಿನಲ್ಲೇ ಹೊರತು ದೊಡ್ಡಬೆಟ್ಟದ ತುದಿಯಲ್ಲಲ್ಲ.

ಇಷ್ಟಾದ ಮೇಲೆ ನಮ್ಮ ಜಿಲ್ಲೆಗೂ ಒಂದು ಗಿರಿಧಾಮವುಂಟೆಂಬ ಅಭಿಮಾನ ಜಾಗೃತವಾಯಿತು. ದುರ್ಗದ ದಕ್ಷಿಣಕ್ಕಿರುವ ಜೋಗಿಮಟ್ಟಿ 3,800 ಅಡಿಗಳಿಗೆ ಮೇಲ್ಪಟ್ಟದ್ದು. ಬಬ್ಬೂರು ಎರಡು ಸಾವಿರದ ಸುತ್ತಮುತ್ತ. ಲೆಕ್ಕದ ಪ್ರಕಾರ ಅಲ್ಲಿ ಇಲ್ಲಿಗಿಂತ ನಾಲ್ಕು ಡಿಗ್ರಿಯಷ್ಟು ತಂಪು ಸಿಕ್ಕರೆ ಪುಣ್ಯ. ನಾಲ್ಕು ಡಿಗ್ರಿಗೆ ಯಾರು ಬೆಟ್ಟ ಹತ್ತಿಯಾರು? 'ಮಧ್ಯ ಕರ್ನಾಟಕದ ಊಟಿ' ಎಂದು ಅದನ್ನು ಕರೆಯುವವರ ಔದಾರ್ಯಕ್ಕೆ ಮನಸ್ಸಿನಲ್ಲೇ ನಗುತ್ತ, ಆಷಾಢದ ಒಂದು ಬೆಳಗ್ಗೆ ಬರಿಯ ಜುಬ್ಬದಲ್ಲಿ ಅಲ್ಲಿಗೆ ಹೋದೆನು. ಆಡುಮಲ್ಲೇಶ್ವರವನ್ನು ದಾಟಿ, ಕಮರ ಹೊನ್ನೆಗಳ ಕುರುಚಲು ಕಾಡಿನ ನಡುವೆ ತಿರುತಿರುಗಿ ಏರುವ ದಾರಿಯ ಕೊನೆಯಲ್ಲಿ ಇಳಿದದ್ದೇ ತಡ, ಪಶ್ಚಿಮದಿಂದ ಗಾಳಿಯೆಂಬುದು ಹಾಗೆ ಬಂದಿತು. ಮಂಜು ಅಡ್ಡಡ್ಡಲಾಗಿ ಓಡುತ್ತಿತ್ತು, ಸಾಲುಗುಡ್ಡಗಳ ಮೇಲಿನ ಗಾಳಿಯಂತ್ರಗಳು ಕಾಣದಿದ್ದರೂ ಅವುಗಳ ಗುಂಯ್‌ಗುಡುವಿಕೆ ಕೇಳುತ್ತಿತ್ತು, ನನ್ನ ಹಲ್ಲುಗಳು ತಾವಾಗಿಯೇ ಕಟಕಟಿಸಿದವು. ಪ್ರವಾಸಿ ಮಂದಿರದ ಗೋಡೆಯ ಮರೆಗೆ ಸರಿದರೆ ಬೆಚ್ಚಗೆ, ಮೂಲೆ ದಾಟಿದರೆ ನಡುಕ. ಗೋಡೆಯ ಈಚೆಗೂ ಆಚೆಗೂ ಪಾದರಸ ಒಂದೇ ಅಂಕಿಯನ್ನು, ಬಹುಶಃ 22ನ್ನೋ 23ನ್ನೋ, ತೋರುತ್ತಿದ್ದಿರಬೇಕು. ಒದ್ದೆಬಟ್ಟೆಯ ಮಾಪಕದ ಮರ್ಮ ಮೈಗೆ ತಿಳಿದದ್ದು ಆಗ: ಜಿಬುರುಮಳೆಗೆ ನೆನೆದ ಜುಬ್ಬ ಮೈಗಂಟಿಕೊಂಡಿದ್ದಿತು, ಗಾಳಿ ಅದರ ತೇವವನ್ನು ಆರಿಸುತ್ತ ಒಳಗಿನ ಶಾಖವನ್ನು ಹೊತ್ತೊಯ್ಯುತ್ತಿತ್ತು. ಬಂಡೆಯಿಂದ ನೀರು ಜಿನುಗುವ ಹಿಮವತ್ಕೇದಾರಕ್ಕೆ ಇಳಿದುಹೋಗುವ ಉದ್ದೇಶವನ್ನು ಆ ದಿನ ಕೈಬಿಟ್ಟು, ಕೆಳಗಿನ ಹೋಟೆಲಿನ ಮಂಡಕ್ಕಿ ಮೆಣಸಿನಕಾಯಿಗೆ ಶರಣಾದೆನು.

ಗಿರಿಧಾಮಗಳ ತಿಂಗಳುವಾರಿನ ಉಷ್ಣಪಟ್ಟಿಗಳಲ್ಲಿ ಗಾಳಿಗೆ ಒಂದು ಕಲಮು ಇರದಿರುವುದು ದೊಡ್ಡ ಲೋಪವೆಂದೇ ಅಂದಿನಿಂದ ನನ್ನ ಅಭಿಪ್ರಾಯ. ಬಂಧುಗಳು ಈಗ ಜೋಗಿಮಟ್ಟಿಗೆ ಯಾವಾಗ ಹೋಗಬೇಕೆಂದು ಕೇಳಿದರೆ ಆಷಾಢದಲ್ಲಿ ಎನ್ನುತ್ತೇನೆ, ಯಾರೂ ಒಪ್ಪುವುದಿಲ್ಲ. ಶೂನ್ಯಮಾಸದಲ್ಲಿ ಪ್ರಯಾಣವೇ ಎಂದು ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಬೆಟ್ಟದ ತಂಪನ್ನು ಬಯಸುವ ವಯಸ್ಸಿನ ನವದಂಪತಿಗಳ ಪಾಡಂತೂ ಇನ್ನೂ ಕಷ್ಟ: ಬೆಟ್ಟವು ಅತ್ಯಂತ ತಣ್ಣಗಿರುವ ಆ ಒಂದು ತಿಂಗಳು ಹುಡುಗಿಯನ್ನು ತವರಿಗೆ ಕಳಿಸಿರುತ್ತಾರೆ.