ಸಣ್ಣ ಶಬ್ದಗಳ ಪುಸ್ತಕ: ದಿನಚರಿಯ ಪುಟಗಳು

ಜೂನ್ 8, ಮುಂಡಗೋಡ

ತಂಗಿಯ ಹೊಲದಲ್ಲಿ ಇವತ್ತು ಭತ್ತದ ಬಿತ್ತನೆ. ಶಿರಸಿ ಕಡೆಯವರ ಹಾಗೆ ನೀರು ನಿಲ್ಲಿಸಿ ಸಸಿ ನಾಟಿ ಮಾಡುವ ಪದ್ಧತಿ ಈ ಹೊಲಗಳಲ್ಲಿಲ್ಲ. ಒಣ ನೆಲದಲ್ಲೇ ಕೂರಿಗೆ ಹೂಡಿ ಸಾಲು ಹಿಡಿದು ಬಿತ್ತುತ್ತಾರೆ. ಎತ್ತುಗಳು ಮುಂದೆ, ಕೂರಿಗೆಯ ಬಟ್ಟಲಿಗೆ ಒಂದೇ ಹದದಲ್ಲಿ ಕಾಳು ಬಿಡುತ್ತ ತಂಗಿ ಹಿಂದೆ. ಆಕೆಯ ಮೊಮ್ಮಗ ಸಾಲಿನ ಗುಂಟ ಓಡಾಡುತ್ತಿದ್ದ. ಮೂರನೇ ಇಯತ್ತೆ. ಬದುವಿನ ಮೇಲೆ ಕೂತು ಅವನಿಗೆ 'ರೋ' ಎಂದರೆ ಈ ಸಾಲು, 'ಸೋ' ಎಂದರೆ ಈ ಬಿತ್ತನೆ ಎಂದೆ. ಎರಡೂ ಓ-ಡಬ್ಲ್ಯೂನಿಂದ ಮುಗಿಯುತ್ತವೆ ಎಂದು ಮಣ್ಣಿನ ಮೇಲೆ ಕಡ್ಡಿಯಿಂದ ಬರೆದು ತೋರಿಸಿದೆ. ಅವನು ಕೂಡಲೇ ಕೇಳಿದ: "ಹಂಗಾರ ಕೌ ಯಾಕ ಕೋ ಅಲ್ಲ, ಅಜ್ಜಿ?"

ಪ್ರಶ್ನೆ ನ್ಯಾಯವಾದದ್ದು. ಕನ್ನಡದ ಅಕ್ಷರ ಕಲಿತ ಮಗು ಬರೆದದ್ದನ್ನೇ ಓದಬೇಕು ಎಂದು ನಂಬಿ ಬಂದಿರುತ್ತದೆ. ಸೋ, ರೋ, ಲೋ ಒಂದು ಗುಂಪು. ಕೌ, ನೌ, ಹೌ ಇನ್ನೊಂದು. ಅಕ್ಷರ ಅವೇ, ಉಚ್ಚಾರ ಬೇರೆ. ಅದೇ ಸ್ಪೆಲ್ಲಿಂಗಿನ 'ಸೌ' ಎಂದರೆ ಹೆಣ್ಣುಹಂದಿ, 'ರೌ' ಎಂದರೆ ಜಗಳ. ಅವು ದೊಡ್ಡ ತರಗತಿಗೆ ಇರಲಿ. ನಾನು ಮಾಡಹೊರಟಿರುವ ಪುಸ್ತಕದಲ್ಲಿ ಎರಡು ಗುಂಪಿಗೂ ಬೇರೆ ಬೇರೆ ಪುಟ ಕೊಡುತ್ತೇನೆ. ಮೊದಲ ಪುಟಕ್ಕೆ ಕೂರಿಗೆಯ ಚಿತ್ರ.

ಜೂನ್ 21, ಹಳಿಯಾಳ

ಹತ್ತಿರದ ಹಳ್ಳಿಯೊಂದರ ಶಾಲೆಗೆ ಹೋಗಿದ್ದೆ. ನನ್ನ ಕೈಯಲ್ಲಿ ಕಲಿತ ಹುಡುಗಿ ಈಗ ಅಲ್ಲಿ ಅಕ್ಕೋರು. ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಬಂದದ್ದು 2007-08ರಲ್ಲಿ. ಆಮೇಲೆ ಈ ಚಿಕ್ಕ ಮಕ್ಕಳ ಬಾಯಲ್ಲಿ ಸಣ್ಣ ಶಬ್ದಗಳ ಹಾಡು ನಿಂತಿಲ್ಲ. ಇವತ್ತು ಎ-ಎಂ ಪಾಠ: ಜ್ಯಾಮ್, ಹ್ಯಾಮ್, ರ್‍ಯಾಮ್, ಡ್ಯಾಮ್. ಮಕ್ಕಳು ಹೆಂಚು ಹಾರಿಹೋಗುವ ಹಾಗೆ ಕೂಗಿದರು. ಕೂಗುವುದೂ ಬೇಕು. ನಾಲಿಗೆ ಹೊರಳುತ್ತದೆ, ಕಣ್ಣಿಗೆ ಅಕ್ಷರಗಳ ಜೋಡಿ ಗುರುತು ಸಿಗುತ್ತದೆ.

ಆಮೇಲೆ ಅರ್ಥ ಕೇಳಿದೆ. ಜ್ಯಾಮ್ ಅಂದರೆ? "ಬಸ್ ಮುಂದ ಹೋಗೂದಿಲ್ಲ, ಅದು" ಎಂದ ಒಬ್ಬ. ಅದೂ ಸರಿಯಾದ ಅರ್ಥವೇ. ಬ್ರೆಡ್ಡಿಗೆ ಹಚ್ಚುವ ಜ್ಯಾಮ್ ತಿಂದವರು ಕಡಿಮೆ. ಹ್ಯಾಮ್ ಯಾರಿಗೂ ಗೊತ್ತಿಲ್ಲ. 'ಉಪ್ಪು ಹಾಕಿ ಕೆಡದಂತೆ ಇಟ್ಟ ಹಂದಿಯ ತೊಡೆಮಾಂಸ' ಎಂದು ಅಕ್ಕೋರು ಕನ್ನಡದಲ್ಲಿ ಬಿಡಿಸಿ ಹೇಳಿದಳು. ಅರ್ಧ ತರಗತಿ ಸುಮ್ಮನೆ ನೋಡುತ್ತಿತ್ತು. ಆ ಕೋಣೆಯಲ್ಲಿ ಮನೆಯಲ್ಲಿ ಮರಾಠಿ ಆಡುವವರಿದ್ದಾರೆ, ಉರ್ದು ಆಡುವವರಿದ್ದಾರೆ. ಸಿದ್ದಿ ಮಕ್ಕಳದು ಅವರದೇ ಕೊಂಕಣಿ, ಗೌಳಿ ಮಕ್ಕಳದು ಅವರದೇ ಮರಾಠಿ. ಅವರಿಗೆ ಕನ್ನಡವೇ ಶಾಲೆಗೆ ಬಂದ ಮೇಲೆ ಕಲಿಯುವ ಭಾಷೆ. ಒಂದು ಗೊತ್ತಿಲ್ಲದ ಶಬ್ದಕ್ಕೆ ಇನ್ನೊಂದು ಗೊತ್ತಿಲ್ಲದ ಶಬ್ದವನ್ನು ಅರ್ಥ ಎಂದು ಕೊಟ್ಟರೆ ಆ ಮಗುವಿಗೆ ಕೈಹಿಡಿದ ಹಾಗಾಗುವುದಿಲ್ಲ.

ಜುಲೈ 6, ದಾಂಡೇಲಿ

ಮಳೆ ಬಿಡಲಿಲ್ಲ. ಅಣ್ಣನ ಮನೆಯ ಕಟ್ಟೆಯ ಮೇಲೆ ಕೂತು ಐ-ಎಲ್-ಎಲ್ ಪುಟ ಬರೆದೆ. ಈ ಊರಿಗೆ ಇದಕ್ಕಿಂತ ಒಪ್ಪುವ ಪುಟ ಇಲ್ಲ. ಮಿಲ್: 1955ರಲ್ಲಿ ಶುರುವಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿನ ಊರಿನ ಮಗುವಿಗೆ ಈ ಶಬ್ದವನ್ನು ಯಾರೂ ಕಲಿಸಬೇಕಿಲ್ಲ, ಅಕ್ಷರ ತೋರಿಸಿದರೆ ಸಾಕು. ಹಿಲ್: ಸುತ್ತಲೂ ಅದೇ. ಬಿಲ್: ಕಿರಾಣಿ ಅಂಗಡಿಯದು, ಕರೆಂಟಿನದು. ಇನ್ನೊಂದು ಬಿಲ್ ಎಂದರೆ ಹಕ್ಕಿಯ ಕೊಕ್ಕು. ಮಂಗಟ್ಟೆಗೆ ಹಾರ್ನ್‌ಬಿಲ್ ಎನ್ನುವುದು ಕೊಂಬಿನಂಥ ಕೊಕ್ಕಿರುವುದಕ್ಕೆ. ಈ ಎರಡು ಬಿಲ್‌ಗಳಿಗೆ ರಕ್ತಸಂಬಂಧ ಇಲ್ಲ. ಕೊಕ್ಕಿನ ಬಿಲ್ ಹಳೆಯ ಇಂಗ್ಲಿಷಿನದು. ಲೆಕ್ಕದ ಬಿಲ್ ಲ್ಯಾಟಿನ್ನಿನಲ್ಲಿ ಮುದ್ರೆಗೆ ಇದ್ದ ಹೆಸರಿನಿಂದ ಬಂದದ್ದು. ಕಾಲ ಸವೆದು ಎರಡೂ ಒಂದೇ ಅಕ್ಷರದಲ್ಲಿ ನಿಂತಿವೆ.

ಮಧ್ಯಾಹ್ನ ಓ-ಜಿ ಪುಟ. ಡಾಗ್, ಫಾಗ್, ಲಾಗ್. ಲಾಗ್ ಅಂದರೆ ದಿಮ್ಮಿ. ನಾಟಾ ಡಿಪೋದಲ್ಲಿ ನಂಬರ್ ಹೊಡೆದು ಸಾಲಾಗಿ ಒಟ್ಟಿದ ಸಾಗವಾನಿ ದಿಮ್ಮಿ ನೋಡದ ಮಗು ಇಲ್ಲಿ ಇಲ್ಲ. ಅಣ್ಣನ ಮೊಮ್ಮಗಳು ಕೇಳಿದಳು: "ಮತ್ತ ಕಂಪ್ಯೂಟರಿಗೆ ಲಾಗಿನ್ ಅಂತಾರಲ್ಲ, ಅದೇನು?" ಹೇಳಿದೆ. ಹಿಂದೆ ಹಡಗಿನವರು ವೇಗ ಅಳೆಯಲು ಹಗ್ಗಕ್ಕೆ ಒಂದು ಮರದ ತುಂಡು ಕಟ್ಟಿ ಸಮುದ್ರಕ್ಕೆ ಎಸೆಯುತ್ತಿದ್ದರು. ನಿಗದಿತ ಹೊತ್ತಿನಲ್ಲಿ ಹಗ್ಗದ ಗಂಟು ಎಷ್ಟು ಬಿಚ್ಚಿಕೊಂಡವು ಎಂದು ಎಣಿಸಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಆ ಪುಸ್ತಕ ಲಾಗ್‌ಬುಕ್ ಆಯಿತು, ಬರೆದಿಡುವುದಕ್ಕೇ ಲಾಗ್ ಎಂಬ ಹೆಸರು ಬಂತು, ಕಡೆಗೆ ಕಂಪ್ಯೂಟರಿಗೂ ಬಂತು. ಅವಳು ಬಾಯಿ ಬಿಟ್ಟು ಕೇಳಿದಳು. ದಿಮ್ಮಿ ಗೊತ್ತಿದ್ದ ಮಗುವಾದ್ದರಿಂದ ಅಷ್ಟು ದೂರದ ಅರ್ಥವೂ ಅವಳಿಗೆ ಎಟುಕಿತು.

ಜುಲೈ 20, ಜೋಯಿಡಾ

ಗಣೇಶಗುಡಿಯ ದಾರಿಯಲ್ಲಿ ಸೂಪಾ ಡ್ಯಾಮ್ ಕಂಡಿತು. 101 ಮೀಟರ್ ಎತ್ತರದ ಕಟ್ಟೆ, ಹಿಂದೆ ಕಾಳಿಯ ನೀರು. ಆ ನೀರಿನಡಿಯಲ್ಲಿ ಹಳೆಯ ಸೂಪಾ ಪೇಟೆ ಇದೆ. ಈಗಿನ ಜೋಯಿಡಾ ತಾಲೂಕಿಗೆ ಒಂದು ಕಾಲಕ್ಕೆ ಅದೇ ಹೆಸರು, ಅದೇ ಠಾಣೆ. ಮುಳುಗಿದ ಊರುಗಳವರಲ್ಲಿ ಎಷ್ಟೋ ಜನ ರಾಮನಗರಕ್ಕೆ ಹೋಗಿ ನೆಲೆಸಿದರು. ಡ್ಯಾಮ್ ಎಂಬ ಶಬ್ದಕ್ಕೆ 'ಅಣೆಕಟ್ಟು' ಎಂದು ಬರೆದರೆ ಪರೀಕ್ಷೆಗೆ ಸಾಕಾದೀತು. ರಾಮನಗರದ ಮಗುವಿಗೆ ಅದು ಅಜ್ಜಿ ಹೇಳುವ ಕಥೆ. ಆ ಮಗು ಆ ಕಥೆಯನ್ನು ತರಗತಿಯಲ್ಲಿ ಹೇಳುವಂತಾಗಬೇಕು.

ಕುಣಬಿಯವರ ಮನೆಯೊಂದರಲ್ಲಿ ಚಹಾ ಕುಡಿದೆವು. ಅಂಗಳದ ಮರಕ್ಕೆ ಬಳ್ಳಿಯೊಂದು ಹಬ್ಬಿತ್ತು. ಮನೆಯ ಹುಡುಗಿ ತುದಿ ಹಿಡಿದು ತೋರಿಸಿದಳು. ಕಾಂಡ ದುಂಡಗಿಲ್ಲ, ನಾಲ್ಕು ಮೂಲೆ, ಒಂದೊಂದು ಮೂಲೆಗೂ ತೆಳ್ಳನೆ ರೆಕ್ಕೆಯಂಥ ಅಂಚು. ಅವಳ ಮಾತಿನಲ್ಲಿ ಇದು 'ಕೋನ್'. ಇಂಗ್ಲಿಷಿನಲ್ಲಿ ಯ್ಯಾಮ್. ನೋಡಿ, ಎ-ಎಂ ಪಟ್ಟಿಯಲ್ಲಿ ಇಲ್ಲಿಯ ಮಗುವಿಗೆ ಬೇಕಾದ ಶಬ್ದ ಇದ್ದೇ ಇದೆ, ಹ್ಯಾಮ್ ಅದರ ಜಾಗದಲ್ಲಿ ಕೂತಿದೆ! ಜನವರಿಯಲ್ಲಿ ಜೋಯಿಡಾದ ಗೆಡ್ಡೆ-ಗೆಣಸು ಮೇಳಕ್ಕೆ ಈ ಹುಡುಗಿಯ ಮನೆಯವರು ಹೊತ್ತು ತರುವುದು ಇದನ್ನೇ. ಕನ್ನಡದಲ್ಲಿ ಬರೀ 'ಗೆಣಸು' ಎಂದು ಅರ್ಥ ಬರೆದರೆ ಹಳಿಯಾಳದ ಮಗು ಸಿಹಿಗೆಣಸು ಎಂದುಕೊಳ್ಳುತ್ತದೆ. ಬಳ್ಳಿ ತೋರಿಸಿದರೆ ಯಾರಿಗೂ ಗೊಂದಲವಿಲ್ಲ.

ಯ್ಯಾಮ್ ಎಂಬ ಶಬ್ದ ಪಶ್ಚಿಮ ಆಫ್ರಿಕಾದ ಭಾಷೆಗಳಿಂದ ಪೋರ್ಚುಗೀಸರ ಬಾಯಿಗೆ ಬಂದು ಇಂಗ್ಲಿಷಿಗೆ ದಾಟಿದ್ದು. ಸಿದ್ದಿಯರ ಹಿರಿಯರನ್ನು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದವರೂ ಪೋರ್ಚುಗೀಸರೇ. ಇಂಗ್ಲಿಷ್ ಎಂದರೆ ಪೇಟೆಯವರ ಸ್ವತ್ತು ಎಂದು ಅಂಜಿ ಕೂರುವ ಸಿದ್ದಿ ಮಗುವಿಗೆ ಇದನ್ನು ಹೇಳಲೇಬೇಕು. ಆ ಭಾಷೆಯಲ್ಲಿ ಆಫ್ರಿಕಾದ ಪಾಲೂ ಇದೆ.

ಆಗಸ್ಟ್ 2, ಹಳಿಯಾಳ

ಪುಸ್ತಕದ ಕ್ರಮ ನಿರ್ಧಾರವಾಯಿತು. ಒಂದು ಪುಟಕ್ಕೆ ಒಂದೇ ಅಕ್ಷರದ ಜೋಡಿ. ಪ್ರತಿ ಪುಟದ ಮೊದಲ ಶಬ್ದ ನಮ್ಮ ನಾಲ್ಕು ತಾಲೂಕುಗಳ ಮಗು ಕಣ್ಣಾರೆ ಕಂಡದ್ದಾಗಿರಬೇಕು: ರೋ, ಮಿಲ್, ಲಾಗ್, ಯ್ಯಾಮ್. ಕಾಣದ ಶಬ್ದಗಳು ಅದರ ಬೆನ್ನಿಗೆ ಬರಲಿ. ಹ್ಯಾಮ್ ಕೂಡ ಬರಲಿ, ಕೊನೆಯಲ್ಲಿ. ಚಿತ್ರದ ಕೆಳಗೆ ಇಂಗ್ಲಿಷ್ ಶಬ್ದ, ಅದರ ಕೆಳಗೆ ಕನ್ನಡ. ಅದಕ್ಕೂ ಕೆಳಗೆ ಒಂದು ಖಾಲಿ ಗೆರೆ. ಮನೆಯಲ್ಲಿ ಏನನ್ನುತ್ತಾರೋ ಅದನ್ನು ಮಗುವೇ ಕನ್ನಡ ಅಕ್ಷರದಲ್ಲಿ ಅಲ್ಲಿ ಬರೆಯಬೇಕು, ಸಿದ್ದಿ ಮಾತಾಗಲಿ, ಗೌಳಿ ಮಾತಾಗಲಿ, ಮುಂಡಗೋಡದ ಕ್ಯಾಂಪಿನ ಟಿಬೇಟಿ ಮಾತಾಗಲಿ.

ಅಕ್ಕೋರಿಗೆ ಫೋನ್ ಮಾಡಿ ಹೇಳಿದೆ. "ನಮಗ ಓದಾಕ ಬರದ ಮಾತು ಬರದ್ರ ತಿದ್ದೂದು ಹ್ಯಾಂಗ್ರೀ?" ಎಂದಳು. ತಿದ್ದಬೇಡ, ಓದಿಸು ಎಂದೆ. ಮಗು ಓದಿ ಹೇಳಲಿ, ಉಳಿದವರು ಕೇಳಲಿ, ನೀನೂ ಕೇಳು. ಆ ಒಂದು ಗೆರೆಯ ಮಟ್ಟಿಗೆ ಮಗುವೇ ಮೇಷ್ಟ್ರು. ಸೋಮವಾರ ಮೊದಲ ಪುಟಗಳನ್ನು ಝೆರಾಕ್ಸ್ ಮಾಡಿಸಿ ಕಳಿಸಬೇಕು.