ದವಾಖಾನೆಯಿಂದ ಹೊಳ್ಳಿ ಬಂದ ಮ್ಯಾಲೆ

ಠಾಣಾ ಕುಶನೂರಿನ ನಮಗೆ ಕ್ಯಾನ್ಸರ್ ಎಂದರೆ ಮೊದಲು ದೂರದ ದಾರಿ. ಕೆಲವರು ಹೈದರಾಬಾದಿಗೆ, ಕೆಲವರು ಕಲಬುರಗಿಗೆ, ಕೆಲವರು ಸೋಲಾಪುರದ ಕಡೆಯ ಬಾರ್ಶಿಗೆ, ಇನ್ನು ಕೆಲವರು 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿಗೆ. ಕೂಲಿ ಬಿಟ್ಟು, ಆಡು ಮಾರಿ, ಕೈಸಾಲ ಎತ್ತಿ ಹೋದವರು ನಾವು. ಚೀಟಿ, ಸೂಜಿ, ಕರೆಂಟು, ರಕ್ತದ ತಪಾಸಣೆ. ಆ ದಿನಗಳಲ್ಲಿ ಅಳಲಿಕ್ಕೂ ಪುರಸೊತ್ತು ಇರಲಿಲ್ಲ.

ಒಂದು ದಿನ ಡಾಕ್ಟರು ‘ಮುಗೀತು, ಮೂರು ತಿಂಗಳಿಗೆ ಬರ್ರಿ’ ಅಂತಾರೆ. ಊರು ‘ಆರಾಮ ಆತಲ್ಲ, ಇನ್ನೇನು?’ ಅನ್ನುತ್ತದೆ. ಅಲ್ಲಿಂದ ಶುರು ಇನ್ನೊಂದು ಬ್ಯಾನಿ. ರೊಟ್ಟಿ ರುಚಿಸೋದಿಲ್ಲ, ನಿದ್ದಿ ಹತ್ತೋದಿಲ್ಲ. ತೊಗರಿ ಹೊಲದಾಗ ಅರ್ಧ ಸಾಲಿಗೇ ಕೈ ಸೋಲ್ತದ. ತುಸು ಸೊಂಟ ನೋವಾದರೂ ‘ಹೊಳ್ಳಿ ಬಂತೇನು’ ಅಂತ ಎದಿ ಝಲ್ ಅಂತದ.

ಇದು ಸೋಗಲ್ಲ, ಮೈಗಳ್ಳತನವೂ ಅಲ್ಲ. ಚಿಕಿತ್ಸೆಯ ದಣಿವು ತಿಂಗಳುಗಟ್ಟಲೆ ಉಳಿಯಬಹುದು. ಹೋರಾಡುವಾಗ ತಡೆದು ಹಿಡಿದ ಭಯ, ಎಲ್ಲ ಮುಗಿದ ಮೇಲೆ ಸಾವುಕಾರನ ಹಾಗೆ ವಸೂಲಿಗೆ ಬಂದು ಕೂಡುತ್ತದೆ.

ಈ ದುಗುಡದ ಅರ್ಧ ಪಾಲು ಹೊರಗಿನವರು ಹೇರಿದ್ದು. ‘ಹಿಂದಿನ ಜನ್ಮದ ಪಾಪ’ ಎನ್ನುವವರಿದ್ದಾರೆ. ನೀರಿನ ಲೋಟ ಬೇರೆ ಇಡುವವರಿದ್ದಾರೆ. ಕ್ಯಾನ್ಸರು ಮುಟ್ಟಿದರೆ ಹತ್ತುವುದಿಲ್ಲ. ಬೇರೆ ಲೋಟ ನಮಗೇನು ಹೊಸದೇ? ಚಹಾದಂಗಡಿಯ ಬೇರೆ ಲೋಟವನ್ನು ಪ್ರಶ್ನಿಸಿದವರು, ನಮ್ಮ ಮನೆಯೊಳಗೇ ಅದನ್ನು ಇಡಲು ಬಿಡಬೇಕೇ? ಹುಟ್ಟಿನ ವಿಷಯದಲ್ಲಿ ಕರ್ಮ ಒಪ್ಪದವರು ಗಡ್ಡೆಯ ವಿಷಯದಲ್ಲೂ ಒಪ್ಪಬಾರದು.

ಹಂಗಾದ್ರ ಮಾಡೋದೇನು? ಮೊದಲು ಬಾಯಿ ಬಿಡೋದು. ಮೈ ತಾಳಿದಷ್ಟು ದಿನಾ ನಡೆಯೋದು, ತಾಳಿದಷ್ಟೇ ಕೆಲಸ ಮಾಡೋದು. ಎರಡು ವಾರ ಎಡೆಬಿಡದೆ ಮನಸ್ಸು ಕುಗ್ಗಿದರೆ ವೈದ್ಯರಿಗೆ ಹೇಳಬೇಕು. ಸಾಯುವ ಯೋಚನೆ ಒಮ್ಮೆ ಬಂದರೂ ಅವತ್ತೇ ಹೇಳಬೇಕು. ಇದಕ್ಕೆ ಮಾತಿನ ಚಿಕಿತ್ಸೆಯುಂಟು, ಮಾತ್ರೆಯುಂಟು. 2022ರಲ್ಲಿ ಶುರುವಾದ ಟೆಲಿ ಮಾನಸ್‌ನ 14416 ನಂಬರಿಗೆ ಫೋನು ಮಾಡಿದರೆ ಕನ್ನಡದಲ್ಲೇ, ಪುಕ್ಕಟೆ ಮಾತಾಡ್ತಾರೆ.

ಫೋನೊಂದೇ ಸಾಲದು. ತರಬೇತಿ ಕೊಟ್ಟರೆ ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರೇ ಮನಸ್ಸಿನ ಬೇನೆ ನೋಡಬಲ್ಲರೆಂದು 1980ರ ದಶಕದಲ್ಲೇ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟಿತು. ಬೀದರಿನ ಗಡಿಯ ಹಳ್ಳಿಗಳಿಗೂ ಅದು ಪೂರಾ ತಲುಪಬೇಕು. ತಪಾಸಣೆಗೆ ಹೋದಾಗ ಗಡ್ಡೆಯ ಜೊತೆಗೆ ‘ಮನಸ್ಸು ಹ್ಯಾಂಗದ?’ ಎಂದೂ ಕೇಳಬೇಕು. ಇದು ನಮ್ಮ ಬೇಡಿಕೆ; ಭೂಮಿ, ಕೂಲಿಯ ಬೇಡಿಕೆಗಳ ಪಕ್ಕದಲ್ಲೇ ಇದನ್ನೂ ಬರೆಯಿರಿ.

ಮಾಸ್ತರರೇ, ಸಂಘಟನೆಯ ಗೆಳೆಯರೇ, ಗುಣವಾದವರ ಮನೆಗೆ ಬರ್ರಿ. ‘ಧೈರ್ಯ ತಗೋರಿ’ ಅಂತ ಹೇಳಿ ಎದ್ದು ಹೋಗಬ್ಯಾಡ್ರಿ. ಒಂದು ಚಹಾ ಕುಡಿಯೋತನಕ ಕೂತು, ಅದೇ ಲೋಟದಾಗ ಕುಡಿದು, ನಮ್ಮ ಮಾತು ಕೇಳ್ರಿ.